ಕಪ್ ಗೆದ್ದ ವರ್ಷವೇ ಕ್ಲಬ್ ಬಿಡುವ ಬಗ್ಗೆ

ಕಲಬುರಗಿ

ಚಿ. ತಮ್ಮಾ, ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

34ನೇ ವಯಸ್ಸಿನಲ್ಲಿ ಕ್ಯಾಪ್ಟನ್ ಆಗಿ ಫುಟ್‌ಬಾಲ್ ಲೀಗ್ ಕಪ್ ಎತ್ತಿದ್ದೀ, ಮನೆಮಂದಿಗೆಲ್ಲ ಭಾಳ ಖುಷಿಯಾಗಿದೆ. ಕ್ಲಬ್‌ನವರು ಇನ್ನೊಂದು ವರ್ಷದ ಕರಾರು ಮುಂದಿಟ್ಟಿದ್ದಾರೆ, ಸಹಿ ಮಾಡಲೋ ಬಿಡಲೋ ಅಂತ ಕೇಳಿದ್ದೀ. ಬಿಡು ತಮ್ಮಾ. ಈಗಲೇ ಬಿಡು, ಆದರೆ ಬಿಡುವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡು.

ಈ ಸಲ ನಿನ್ನ ಆಟ ಅಷ್ಟು ಚೆಂದ ಆಗಿದ್ದು ಕೋಚ್ ನಿನ್ನನ್ನು ಕಾಯ್ದುಕೊಂಡು ಆಡಿಸಿದ್ದರಿಂದ. ಪಂದ್ಯಕ್ಕೂ ಪಂದ್ಯಕ್ಕೂ ನಡುವೆ ಐದಾರು ದಿನ ಸಿಕ್ಕಿತು. 90 ನಿಮಿಷ ಆಡಿದ ಕಾಲು ಪೂರ್ತಿ ಸುಧಾರಿಸಿಕೊಳ್ಳಲು ಕನಿಷ್ಠ 72 ಗಂಟೆಯಾದರೂ ಬೇಕು. ವಯಸ್ಸಾದಂತೆ ಅದಕ್ಕಿಂತ ಹೆಚ್ಚೇ. ಮೂರನೇ ದಿನಕ್ಕೇ ಮತ್ತೆ ಕಣಕ್ಕಿಳಿದರೆ ಮೊದಲು ಕೈಕೊಡುವುದು ತೊಡೆಯ ಹಿಂದಿನ ಸ್ನಾಯು. ಮುಂದಿನ ವರ್ಷ ಕಪ್ ಗೆದ್ದ ತಂಡ ಅಂತ ಪಂದ್ಯಗಳು ಹೆಚ್ಚಾಗುತ್ತವೆ, ನಿನ್ನ ಬಿಡುವು ಕಡಿಮೆಯಾಗುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್‌ನ ಕ್ಯಾಪ್ಟನ್ ಆಗಿದ್ದ ವಿನ್ಸೆಂಟ್ ಕೊಂಪನಿ ಇದನ್ನು ಸರಿಯಾಗಿ ಲೆಕ್ಕ ಹಾಕಿದ. 2018-19ರಲ್ಲಿ ಸಿಟಿಯ 38 ಲೀಗ್ ಪಂದ್ಯಗಳಲ್ಲಿ ಅವನು ಆಡಿದ್ದು 17 ಮಾತ್ರ. 2019ರ ಮೇ 6ರಂದು ಲೆಸ್ಟರ್ ಮೇಲೆ ದೂರದಿಂದ ಹೊಡೆದ ಅವನ ಗೋಲೇ ಆ ಪಂದ್ಯದ ಒಂದೇ ಗೋಲು, ಲೀಗ್ ಕೈತಪ್ಪದಂತೆ ಹಿಡಿದದ್ದೂ ಅದೇ. ಮೇ 18ಕ್ಕೆ ಎಫ್‌ಎ ಕಪ್ ಅನ್ನುವ ಇನ್ನೊಂದು ಟೂರ್ನಿಯ ಫೈನಲ್ 6-0 ಗೆದ್ದರು, ಮರುದಿನವೇ ಹೋಗುತ್ತೇನೆ ಅಂತ ತಿಳಿಸಿದ. ಆಗ ಅವನಿಗೆ 33. ಸಿಟಿಯಲ್ಲಿ 11 ವರ್ಷ ಕಳೆದು, ತಾನು ಆಟ ಕಲಿತ ಬೆಲ್ಜಿಯಂನ ಆಂಡರ್ಲೆಕ್ಟ್ ಕ್ಲಬ್‌ಗೆ ಆಟಗಾರನೂ ಮ್ಯಾನೇಜರೂ ಆಗಿ ಮರಳಿದ. ಇಂಗ್ಲೆಂಡಿನದೇ ಚೆಲ್ಸಿ ಕ್ಲಬ್‌ನ ಕ್ಯಾಪ್ಟನ್ ಜಾನ್ ಟೆರಿ 2016-17ರಲ್ಲಿ ಆಡಿದ ಲೀಗ್ ಪಂದ್ಯಗಳು ಒಂಬತ್ತೇ. ಕೊನೆಯ ಪಂದ್ಯದಲ್ಲಿ ಅವನ ಅಂಗಿಯ ನಂಬರ್ 26 ಅಂತ ಸರಿಯಾಗಿ 26ನೇ ನಿಮಿಷಕ್ಕೆ ಹೊರಗೆ ಕರೆಸಿ, ಆಟ ನಿಲ್ಲಿಸಿ, ಎರಡು ಸಾಲಾಗಿ ನಿಂತು ಬೀಳ್ಕೊಟ್ಟರು. ಅಂಥದ್ದನ್ನು ನಿನಗೆ ಯಾರಾದರೂ ಯೋಜಿಸಿದರೆ ಬೇಡ ಅನ್ನು. ನಡೆಯುವ ಪಂದ್ಯ ಆಟದ್ದು, ನಮ್ಮ ಸನ್ಮಾನದ್ದಲ್ಲ.

ಸುನಿಲ್ ಚೆಟ್ರಿ 40 ವಯಸ್ಸಿಗೆ 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ 14 ಗೋಲು ಹೊಡೆಯಲಿಲ್ಲವೇ ಅಂತ ಜನ ನಿನಗೆ ಹೇಳುತ್ತಾರೆ. ಖರೆ, ಅವನ ಶಿಸ್ತಿಗೆ ಕೈ ಮುಗಿಯಬೇಕು. ಆದರೆ ಅವನು ಫಾರ್ವರ್ಡ್, ಮುಂದೆ ನಿಂತು ಗೋಲು ಹೊಡೆಯುವವನು. ಯಾವಾಗ ಓಡಬೇಕು ಅನ್ನುವುದು ಅವನ ಕೈಯಲ್ಲಿದೆ. ನೀನು ಗೋಲ್ ಮುಂದೆ ನಿಂತು ತಡೆಯುವ ಸೆಂಟರ್ ಬ್ಯಾಕ್, ನೀನು ಯಾವಾಗ ಓಡಬೇಕು ಅನ್ನುವುದನ್ನು ಎದುರಾಳಿಯ 20 ವರ್ಷದ ಹುಡುಗ ನಿರ್ಧರಿಸುತ್ತಾನೆ.

ಇನ್ನು ಕಾಗದಪತ್ರ. ನಿನ್ನ ಕರಾರು ಮೇ ಕೊನೆಗೆ ಮುಗಿಯುತ್ತದೆ. ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾ ಸಂಸ್ಥೆಯ ನಿಯಮದ ಪ್ರಕಾರ ಕರಾರಿನ ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ ಜೊತೆ ಒಪ್ಪಂದ ಮಾಡಿಕೊಳ್ಳಲು ಅಡ್ಡಿಯಿಲ್ಲ. ಮಾತಿಗೆ ಬರುವ ಕ್ಲಬ್ ಮೊದಲು ನಿನ್ನ ಈಗಿನ ಕ್ಲಬ್‌ಗೆ ಬರಹದಲ್ಲಿ ತಿಳಿಸಬೇಕು, ಅದನ್ನು ನೀನೇ ಕೇಳಿ ಖಾತ್ರಿ ಮಾಡಿಕೋ. ಗೆಲುವಿನ ಬೋನಸ್ ಬಾಕಿ ಇದ್ದರೆ ಮೊತ್ತ, ತಾರೀಖು ಎರಡನ್ನೂ ಈಮೇಲ್‌ನಲ್ಲಿ ಬರೆಸಿಕೋ, ಬಾಯಿಮಾತು ನಂಬಿ ಕೂಡಬೇಡ. ಎರಡು ತಿಂಗಳ ಪಗಾರ ನಿಂತರೆ ಕನಿಷ್ಠ 15 ದಿನದ ಗಡುವು ಕೊಟ್ಟು ಲಿಖಿತ ನೋಟಿಸ್ ಕಳಿಸಬೇಕು, ಆಮೇಲೂ ಕೊಡದಿದ್ದರೆ ಕರಾರು ಮುರಿಯುವ ಹಕ್ಕು ಆಟಗಾರನಿಗೆ ಇದೆ. ತಂಡದ ಹುಡುಗರಿಗೂ ಇದನ್ನು ತಿಳಿಸು. ಬಲ ಮೊಣಕಾಲಿನ ಎಂಆರ್‌ಐ ಕ್ಲಬ್ ಖರ್ಚಿನಲ್ಲೇ, ಕರಾರು ಮುಗಿಯುವ ಮೊದಲೇ ಮಾಡಿಸಿ ರಿಪೋರ್ಟ್ ಕೈಗೆ ತಗೋ. ಜೂನ್‌ನಲ್ಲಿ ನೋವು ಎದ್ದರೆ ಅದು ಹಳೆಯ ಗಾಯ ಅಂತ ಸಾಬೀತು ಮಾಡುವುದು ನಿನ್ನ ತಲೆಗೇ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಕೆಲಸ ಕ್ಯಾಪ್ಟನ್‌ನ ತೋಳಪಟ್ಟಿ ದಾಟಿಸುವುದು. ತೋಳಿಗೆ ಕಟ್ಟುವ ಪಟ್ಟಿಯನ್ನು ಯಾರ ಕೈಗಾದರೂ ಕೊಡಬಹುದು, ನೀನು ಮಾಡುತ್ತಿದ್ದ ಕೆಲಸ ತಾನಾಗಿ ಅದರ ಹಿಂದೆ ಹೋಗುವುದಿಲ್ಲ. ಎದುರಾಳಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಹೊಡೆಯುವ ಅವಕಾಶ, ಸಿಕ್ಕಾಗ ಏನು ಮಾಡುತ್ತೀ ನೋಡು. ಹತ್ತಿರದ ಗೋಲ್ ಕಂಬಕ್ಕೆ ಒಬ್ಬನನ್ನು ನಿಲ್ಲಿಸುತ್ತೀ. ಅವರಲ್ಲಿ ತಲೆಯಾಟ ಬಲ್ಲ ಎತ್ತರದವನನ್ನು ನೀನೇ ಹಿಡಿಯುತ್ತೀ. ಬಾಕ್ಸ್ ಅಂಚಿಗೆ ಪುಟಿದು ಬರುವ ಚೆಂಡಿಗೆ ಒಬ್ಬನನ್ನು ಕಾಯಿಸುತ್ತೀ. ಚೆಂಡು ಹೊರಬಿದ್ದ ಕ್ಷಣ ಕೂಗು ಹಾಕಿ ಎಲ್ಲರನ್ನೂ ಮುಂದಕ್ಕೆ ತರುತ್ತೀ. ಆ ಕೂಗು ಇಲ್ಲದಿದ್ದರೆ ಮೂವರು ಮುಂದೆ ಬರುತ್ತಾರೆ, ಒಬ್ಬ ಗೋಲ್ ಹತ್ತಿರವೇ ಉಳಿಯುತ್ತಾನೆ. ಅವನೊಬ್ಬ ಹಿಂದೆ ಇರುವುದರಿಂದ ಗೋಲ್ ಹತ್ತಿರದ ಎದುರಾಳಿಗಳು ಆಫ್‌ಸೈಡ್ ತಪ್ಪಿಗೆ ಸಿಗದೆ ಉಳಿಯುತ್ತಾರೆ, ಎರಡನೇ ಹೊಡೆತ ಒಳಗೆ ಹೋಗುತ್ತದೆ. ಕ್ಯಾಪ್ಟನ್ ಹೋದ ತಂಡ ಕಾರ್ನರ್‌ಗಳಲ್ಲಿ ಗೋಲು ಬಿಡುವುದು ಎಷ್ಟೋ ಸಲ ಹೀಗೆಯೇ.

ಅದಕ್ಕೆ, ಬಾಕಿ ಇರುವ ಇನ್ನೊಂದು ಕಪ್ ಟೂರ್ನಿಯ ಪಂದ್ಯಗಳಲ್ಲಿ ಕೂಗುವ ಕೆಲಸ ವೈಸ್ ಕ್ಯಾಪ್ಟನ್‌ಗೆ ಬಿಡು. ನೀನು ಪಕ್ಕದಲ್ಲಿದ್ದೂ ಸುಮ್ಮನಿರು, ತಪ್ಪಿದರೆ ಅರ್ಧ ಆಟದ ವಿರಾಮದಲ್ಲಿ ಹೇಳು. ರೆಫರಿ ಜೊತೆ ಮಾತು, ಹೊಸ ಹುಡುಗರ ರೂಮಿನ ವ್ಯವಸ್ಥೆ, ಪಗಾರ ತಡವಾದಾಗ ಆಫೀಸಿಗೆ ಹೋಗಿ ಕೇಳುವುದು, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡು.

ಬಿಡುವ ಸುದ್ದಿ ಒಂದೇ ದಿನದಲ್ಲಿ ಎಲ್ಲರಿಗೂ ಮುಟ್ಟಲಿ: ಬೆಳಿಗ್ಗೆ ಕೋಚ್‌ಗೆ, ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಹುಡುಗರಿಗೆ, ಬಟ್ಟೆ ಒಗೆಯುವವರಿಗೆ, ಮೈದಾನ ನೋಡಿಕೊಳ್ಳುವವರಿಗೆ. ಪತ್ರಿಕೆಯವರಿಗೆ ಸಂಜೆ. ಇದು ತಿರುವುಮುರುವಾದರೆ ಹುಡುಗರು ಫೋನಿನಲ್ಲಿ ಓದಿ ತಿಳಿಯುತ್ತಾರೆ, ಆ ನೋವು ಭಾಳ ದಿನ ಉಳಿಯುತ್ತದೆ.

ಮೈ ಬಗ್ಗೆ ಒಂದೆರಡು ಮಾತು. ಓಟ ಒಮ್ಮೆಲೇ ನಿಲ್ಲಿಸಬೇಡ, ವಾರಕ್ಕೆ ಮೂರು ದಿನ ಇರಲಿ. ಮಂಡಿಯೂರಿ, ಹಿಂದಿನಿಂದ ಒಬ್ಬರು ಹಿಮ್ಮಡಿ ಹಿಡಿದಾಗ ಮೈಯನ್ನು ನಿಧಾನ ಮುಂದಕ್ಕೆ ಬಿಡುವ ವ್ಯಾಯಾಮ ವಾರಕ್ಕೆರಡು ಸಲ, ಆರಾರರಂತೆ ಮೂರು ಸುತ್ತು ಮಾಡು. ನಿನ್ನ 74 ಕಿಲೋ ತೂಕಕ್ಕೆ ದಿನಕ್ಕೆ 115ರಿಂದ 120 ಗ್ರಾಂ ಪ್ರೋಟೀನ್ ಮುಂದುವರಿಸು. ಬೇಯಿಸದ ನೂರು ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಸಿಗುತ್ತದೆ, ಒಂದು ತತ್ತಿಯಲ್ಲಿ ಆರು. ಕಡಿಮೆ ಮಾಡುವುದಿದ್ದರೆ ರೊಟ್ಟಿ ಕಡಿಮೆ ಮಾಡು.

ಮುಂದೆ ಕೋಚಿಂಗ್ ಅಂದಿದ್ದೀ, ನನಗೂ ಅದೇ ಮನಸ್ಸಿನಲ್ಲಿದೆ. ಡಿ ಲೈಸೆನ್ಸ್ ಮೊದಲು, ಆಮೇಲೆ ಸಿ. ನಮ್ಮ ಕಡೆ ಹುಡುಗರಿಗೆ ಕಲಿಸುವುದಾದರೆ ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರುಮಾಡಿ ಏಳೂವರೆಗೆ ಮುಗಿಸಬೇಕು, ಆಮೇಲಿನ ಬಿಸಿಲಿಗೆ ಮಕ್ಕಳನ್ನು ನಿಲ್ಲಿಸಬಾರದು. ಇಲ್ಲಿಯ ಎರೆ ಮಣ್ಣು ಬೇಸಿಗೆಗೆ ಕಲ್ಲಿನಂತಾಗಿ ಬಿರುಕು ಬಿಡುತ್ತದೆ. ಅದರ ಮೇಲೆ ಆರು ಸ್ಟಡ್‌ನ ಲೋಹದ ಬೂಟು ಹಾಕಿದರೆ ಹಿಮ್ಮಡಿ, ಮೊಣಕಾಲು ಎರಡೂ ಹಾಳಾಗುತ್ತವೆ. ಸಣ್ಣ ರಬ್ಬರ್ ಸ್ಟಡ್ ಇರುವ ಬೂಟು ಐದಾರು ಜೊತೆ, ಏಳರಿಂದ ಒಂಬತ್ತರ ಅಳತೆಯವು, ಬರುವಾಗ ಬೆಂಗಳೂರಿನಿಂದ ಹಿಡಿದುಕೊಂಡು ಬಾ.

ಇಂತಿ ನಿನ್ನ,
ಕಾಕಾ