ಪ್ರಾರ್ಥನೆ ಮಾಡಿ, ಮಾತ್ರೆ ಬಿಡಿಸಬೇಡಿ

ಮಾನ್ಯ ಸಂಪಾದಕರೇ,

ಮೌಢ್ಯದ ವಿರುದ್ಧ ತಮ್ಮ ಪತ್ರಿಕೆಯ ಈ ಅಂಕಣದಲ್ಲಿ ಆಗಾಗ ಬರುವ ಪತ್ರಗಳನ್ನು ತಪ್ಪದೆ ಓದುತ್ತೇನೆ. ತಾಯತ, ಮಾಟ, ಅಮಾವಾಸ್ಯೆಯ ನಿಂಬೆಹಣ್ಣು ಎಲ್ಲವೂ ಅವುಗಳಲ್ಲಿ ಚರ್ಚೆಗೆ ಬಂದಿವೆ. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಕ್ರೈಸ್ತರಾದ ನಮ್ಮ ನಡುವೆ ಬೇರುಬಿಟ್ಟಿರುವ ಮೌಢ್ಯದ ಬಗ್ಗೆ ನಮ್ಮವರೇ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ಈ ಪತ್ರ.

ಹಳೆಯದನ್ನೆಲ್ಲ ಬಿಟ್ಟು ಬಂದೆವು ಎಂದು ಸಭೆಯಲ್ಲಿ (ಚರ್ಚಿನಲ್ಲಿ) ಎದ್ದು ನಿಂತು ಸಾಕ್ಷಿ ಹೇಳುವ ನಾವು, ಮಗಳ ಮದುವೆಗೆ ಅಮಾವಾಸ್ಯೆ ತಪ್ಪಿಸಿಯೇ ದಿನ ಗೊತ್ತು ಮಾಡುತ್ತೇವೆ. ಬಾಗಿಲಿಗೆ ಮೆಣಸಿನಕಾಯಿ, ನಿಂಬೆಹಣ್ಣು ಕಟ್ಟಿದ ಪಕ್ಕದ ಮನೆಯವರನ್ನು ಕಂಡು ನಗುತ್ತೇವೆ. ನಮ್ಮ ಬಾಗಿಲ ಮೇಲೆ ಅದೇ ಕೆಲಸಕ್ಕೆಂದು ಬೈಬಲಿನ ತೊಂಬತ್ತೊಂದನೆಯ ಕೀರ್ತನೆಯನ್ನು ಅಂಟಿಸಿರುತ್ತೇವೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿಕೊಂಡ ವಾಗ್ದಾನದ ಚೀಟಿ (ಹೊಸ ವರ್ಷಕ್ಕೆಂದು ಬೈಬಲಿನ ವಚನ ಬರೆದದ್ದು) ಮನಸ್ಸಿಗೆ ಬಾರದಿದ್ದರೆ, ಅದನ್ನು ಮೆಲ್ಲಗೆ ಮಡಚಿ ಹಿಂದಕ್ಕಿಟ್ಟು ಇನ್ನೊಂದಕ್ಕೆ ಕೈಹಾಕುವ ಹಿರಿಯರನ್ನೂ ನೋಡಿದ್ದೇನೆ. ಮಗು ರಾತ್ರಿ ಬೆಚ್ಚಿಬಿದ್ದರೆ ದಿಂಬಿನ ಕೆಳಗೆ ಸತ್ಯವೇದ (ಬೈಬಲ್) ಸೇರುತ್ತದೆ. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಜೊತೆಗಾರರೊಡನೆ ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದದ್ದು ಜನ ಅದನ್ನು ಓದಲೆಂದು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಾನು ಬರೆಯಲು ಕೂತದ್ದು ರೋಗ ವಾಸಿಮಾಡುವ ಪ್ರಾರ್ಥನೆಗೆಂದು ಸೇರುವ 'ಸ್ವಸ್ಥತಾ ಕೂಟ'ಗಳ ಹೆಸರಿನಲ್ಲಿ ನಡೆಯುತ್ತಿರುವುದನ್ನು ಕಂಡು. ಅಂಗಡಿಯಲ್ಲಿ ಸಿಗುವ ಕೊಬ್ಬರಿ ಎಣ್ಣೆಯನ್ನೇ ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮೇಲೊಂದು ಶಿಲುಬೆಯ ಸ್ಟಿಕ್ಕರ್ ಹಚ್ಚಿ, 'ಅಭಿಷೇಕದ ಎಣ್ಣೆ' ಎಂದು ಕೊಡುತ್ತಾರೆ. ಬೆಲೆ ಎನ್ನುವುದಿಲ್ಲ, ಕಾಣಿಕೆ ಎನ್ನುತ್ತಾರೆ. ಎಷ್ಟು ಕಾಣಿಕೆ ಎಂಬುದು ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ನಮ್ಮ ಓಣಿಯ ಕೂಲಿಕಾರ ಕುಟುಂಬವೊಂದರ ಹುಡುಗಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ದಿನವೂ ಮಾತ್ರೆ ನುಂಗುತ್ತ ಆಕೆ ಶಾಲೆಗೆ ಹೋಗಿಬರುವಷ್ಟು ಸುಧಾರಿಸಿದ್ದಳು. ಇಂಥದೊಂದು ಕೂಟದಲ್ಲಿ ತಾಯಿಯನ್ನು ವೇದಿಕೆಗೆ ಕರೆದು, ಸೆರಗಿನಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಸಿ, 'ಇನ್ನು ಇದು ಬೇಡ' ಎಂದು ಹೇಳಿಸಿದರು. ಹಲ್ಲೆಲೂಯದ ಕೂಗಿಗೆ ಶಾಮಿಯಾನ ಅದುರಿತು. ಈ ರೋಗಕ್ಕೆ ಕೊಡುವ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಒಂದರ ಹಿಂದೊಂದು ಬಂದು ಜೀವಕ್ಕೇ ಕುತ್ತಾಗಬಹುದು ಎಂಬುದು ಯಾವ ವೈದ್ಯರನ್ನು ಕೇಳಿದರೂ ತಿಳಿಯುತ್ತಿತ್ತು. ಆ ವಾರ ಕಳೆಯುವ ಮೊದಲೇ ಹುಡುಗಿಯನ್ನು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಒಯ್ಯಬೇಕಾಯಿತು. ದೇವರ ದಯೆ, ವೈದ್ಯರ ಶ್ರಮ, ಆಕೆ ಉಳಿದಳು.

ನನ್ನನ್ನು ಹೆಚ್ಚು ನೋಯಿಸಿದ್ದು ಆಮೇಲಿನ ಮಾತು. 'ನಿಮ್ಮ ಮನೆಯಲ್ಲಿ ವಿಶ್ವಾಸ ಸಾಲದು, ಎಲ್ಲೋ ಮರೆಮಾಚಿದ ಪಾಪವಿದೆ' ಎಂದು ಆ ಕೂಟದ ಬೋಧಕರು ಅದೇ ತಾಯಿಗೆ ಹೇಳಿ ಕಳುಹಿಸಿದರು. ವಾಸಿಯಾದರೆ ಕೂಟದ ಮಹಿಮೆ, ಆಗದಿದ್ದರೆ ರೋಗಿಯ ಪಾಪ ಎನ್ನುವ ಈ ಲೆಕ್ಕದಲ್ಲಿ ಬೋಧಕರಿಗೆ ಎಂದೂ ನಷ್ಟವಿಲ್ಲ. ಹುಟ್ಟುಕುರುಡನನ್ನು ಕಂಡು 'ಯಾರ ಪಾಪದಿಂದ ಹೀಗಾಯಿತು, ಇವನದೋ, ತಂದೆತಾಯಿಗಳದೋ' ಎಂದು ಶಿಷ್ಯರು ಕೇಳಿದಾಗ, ಇಬ್ಬರದೂ ಅಲ್ಲ ಎಂದು ಯೇಸು ಉತ್ತರಿಸಿದ್ದು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಆ ಬೋಧಕರ ಕೈಯಲ್ಲಿದ್ದದ್ದೂ ಅದೇ ಪುಸ್ತಕವೇ.

ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಸತ್ಯವೇದದಲ್ಲಿರುವ ಯಾಕೋಬನ ಪತ್ರದಲ್ಲಿಯೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಸಭೆಯ ಹಿರಿಯರನ್ನು ಕರೆಸಿಕೊಳ್ಳಬೇಕು, ಅವರು ಆತನಿಗಾಗಿ ಪ್ರಾರ್ಥಿಸಬೇಕು ಎಂದಿದೆ. ವೇದಿಕೆ, ಬಾಟಲಿ, ಕಾಣಿಕೆಗಳ ಮಾತು ಅಲ್ಲಿಲ್ಲ, ಔಷಧ ಬಿಡಬೇಕೆಂದಂತೂ ಇಲ್ಲವೇ ಇಲ್ಲ. ಯೇಸುವಿನ ಸುವಾರ್ತೆ ಸಾರಿದ ಪೌಲನ ಜೊತೆಗಿದ್ದ ಲೂಕನು ವೈದ್ಯನಾಗಿದ್ದವನು. ಹಾವು ಕಚ್ಚಿದವರು ನೋಡಿ ಬದುಕಲೆಂದು ಮೋಶೆ ಮಾಡಿಸಿದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕತೊಡಗಿದಾಗ, ಅದು ಮೋಶೆಯ ಕಾಲದ್ದೆಂದು ಸಹ ನೋಡದೆ ಅರಸನಾದ ಹಿಜ್ಕೀಯನು ಒಡೆದುಹಾಕಿಸಿದನೆಂದು ಎರಡನೆಯ ಅರಸುಗಳ ಗ್ರಂಥ ಹೇಳುತ್ತದೆ. ಎಣ್ಣೆ ಬಾಟಲಿಯ ವಿಷಯದಲ್ಲಿ ಅಷ್ಟು ಧೈರ್ಯ ತೋರುವವರು ನಮ್ಮ ಸಭಾ ಸಮಿತಿಗಳಲ್ಲಿ ಇದ್ದಾರೆಯೇ?

ಉಳಿದ ತೋರಿಕೆಯ ಭಕ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದಾಯದ ಹತ್ತರಲ್ಲೊಂದು ಪಾಲನ್ನು ಸಭೆಗೆ ಕೊಡುವ ದಶಮಾಂಶದ ಲಕೋಟೆ ತಪ್ಪಿಸದವರು ವರದಕ್ಷಿಣೆಯನ್ನೂ ತಪ್ಪಿಸುವುದಿಲ್ಲ ಎಂದರೆ ಸಾಕು.

ಕ್ರೈಸ್ತರತ್ತ ಅನುಮಾನದಿಂದ ನೋಡುವವರು ಮೊದಲೇ ಇರುವಾಗ ಮನೆಯ ಮಾತನ್ನು ಪತ್ರಿಕೆಗೆ ಹಾಕಬೇಕೇ ಎಂದು ಆಪ್ತರೊಬ್ಬರು ನನ್ನನ್ನು ತಡೆದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯು, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನೂ ಹಾವು, ಚೇಳು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನೂ ಅಪರಾಧವೆಂದು ಪರಿಗಣಿಸುವಾಗ ಮಾಡಿದವರ ಧರ್ಮ ಯಾವುದೆಂದು ಕೇಳುವುದಿಲ್ಲ. ಪೊಲೀಸರು ಸಭೆಯ ಬಾಗಿಲಿಗೆ ಬರುವ ಮುನ್ನ ನಾವೇ ಮಾತಾಡಿಕೊಳ್ಳುವುದು ಒಳ್ಳೆಯದಲ್ಲವೇ?

ಕಥೋಲಿಕ, ಮೆಥೋಡಿಸ್ಟ್, ಸಿಎಸ್‌ಐ ಸಭೆಗಳ ಮತ್ತು ಸ್ವತಂತ್ರ ಸಭೆಗಳ ಹಿರಿಯರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ರೋಗಿಗಳಿಗಾಗಿ ಪ್ರಾರ್ಥಿಸುವ ಮುನ್ನ 'ಔಷಧ ತೆಗೆದುಕೊಳ್ಳುತ್ತಿದ್ದೀರಾ' ಎಂದು ಕೇಳಲಿ, ವೈದ್ಯರು ಹೇಳದೆ ಬಿಡಬಾರದೆಂದು ಪೀಠದಿಂದಲೇ ತಿಳಿಸಲಿ. ಮಾತ್ರೆ ಬಿಟ್ಟೆ ಎಂಬ ಸಾಕ್ಷಿಗೆ ಮೈಕು ಕೊಡದಿರಲಿ. ದೆವ್ವ ಹಿಡಿದಿದೆ ಎಂದು ಕರೆತಂದವರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಚಿಕಿತ್ಸಾಲಯಕ್ಕೆ ತಾವೇ ಜೊತೆಗೆ ಹೋಗಿ ತೋರಿಸಲಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಆರಾಧನೆಯ ವೇಳಾಪಟ್ಟಿಯ ಪಕ್ಕದಲ್ಲಿ ಬರೆಸಲು ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.

— ಒಬ್ಬ ಸಭಾ ಸದಸ್ಯ, ಕೌಲ್ ಬಜಾರ್, ಬಳ್ಳಾರಿ