ಅಮ್ಮ ಬರುವ ಮೊದಲು ನಿನಗೆ ಹೇಳಬೇಕಾದದ್ದು

ಲೈಪ್‌ಜಿಗ್

ಪ್ರೀತಿಯ ಅಕ್ಕ,

ಮೊನ್ನೆ ಫೋನಿನಲ್ಲಿ ದನಿ ತಗ್ಗಿಸಿ ಕೇಳಿದೆಯಲ್ಲ, "ಅಲ್ಲಿ ಕೆರೆ ದಂಡೆಯಲ್ಲಿ ಜನ ಮೈಮೇಲೆ ಒಂದು ಚೂರು ಬಟ್ಟೆ ಇಲ್ಲದೆ ಮಲಗಿರ್ತಾರಂತೆ, ಹೌದೇನೆ?" ಅಂತ. ಪಕ್ಕದಲ್ಲಿ ಭಾವ ಕೆಮ್ಮಿದ್ದು ಕೇಳಿಸಿತು, ಅದಕ್ಕೆ ಮಾತು ಹಾರಿಸಿಬಿಟ್ಟೆ. ಹೌದು, ಮಲಗಿರುತ್ತಾರೆ. ಅಮ್ಮ ಜುಲೈಗೆ ಬರುತ್ತಾಳೆ, ಆಗ ಇಲ್ಲಿ ಬೇಸಿಗೆ, ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೊದಲೇ ನಿನಗೆ ಬರೆದುಬಿಡುತ್ತೇನೆ. ಅಮ್ಮನಿಗೆ ಹೇಗೆ ಹೇಳಬೇಕೋ ನೀನೇ ನೋಡಿಕೋ.

ಊರಿನ ದಕ್ಷಿಣಕ್ಕೆ ಕೊಸ್ಪುಡೆನ್ ಅಂತ ಕೆರೆ ಇದೆ. ಮೊದಲು ಅದು ಕಲ್ಲಿದ್ದಲು ಅಗೆದ ಗುಂಡಿ. ಗಣಿ ಮುಚ್ಚಿದ ಮೇಲೆ ನೀರು ತುಂಬಿಸಿ 2000ದಲ್ಲಿ ಜನರಿಗೆ ಬಿಟ್ಟುಕೊಟ್ಟರು. ದಂಡೆಯ ಒಂದು ಭಾಗ ಎಫ್‌ಕೆಕೆಯವರದು, ಅಂದರೆ ಬಟ್ಟೆ ಬೇಡ ಅನ್ನುವವರದು. ಗೋಡೆ ಇಲ್ಲ, ಪರದೆ ಇಲ್ಲ. ಈ ಕಡೆ ಚಡ್ಡಿ ಹಾಕಿದವರು, ಆ ಕಡೆ ಹಾಕದವರು, ನಡುವೆ ಸೈಕಲ್ಲಿನಲ್ಲಿ ಹೋಗುವವರು.

ಇದೇನು ಈಗಿನ ಹುಡುಗರ ಶೋಕಿ ಅಂದುಕೊಳ್ಳಬೇಡ. ಅಲ್ಲಿ ಮಲಗಿರುವವರಲ್ಲಿ ಜಾಸ್ತಿ ಜನ ನಮ್ಮ ಅಮ್ಮನ ವಯಸ್ಸಿನವರು! ಜರ್ಮನಿಯಲ್ಲಿ ಇದು ನೂರು ವರ್ಷಕ್ಕೂ ಹಳೆಯದು. ಹೊಗೆ ತುಂಬಿದ ಊರು ಬಿಟ್ಟು ಬಿಸಿಲು, ಗಾಳಿ, ನೀರಿಗೆ ಮೈ ಒಡ್ಡಿದರೆ ಆರೋಗ್ಯ ಅಂತ ಶುರುವಾದದ್ದು. 1933ರಲ್ಲಿ ನಾಜಿಗಳು ಬಂದ ಕೂಡಲೇ ಈ ಸಂಘಗಳ ಮೇಲೆ ಬಿದ್ದರು. ಆಮೇಲೆ ಪೂರ್ವ ಜರ್ಮನಿಯ (ನಮ್ಮ ಲೈಪ್‌ಜಿಗ್ ಆಗ ಇದ್ದದ್ದು ಅದರಲ್ಲೇ) ಕಮ್ಯುನಿಸ್ಟ್ ಸರ್ಕಾರವೂ 1950ರ ದಶಕದಲ್ಲಿ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಇದನ್ನು ನಿಲ್ಲಿಸೋಕೆ ನೋಡಿತು. ಜನ ಜಗ್ಗಲಿಲ್ಲ. ಮಾತಾಡೋಕೂ ಹೆದರುತ್ತಿದ್ದ ದೇಶದಲ್ಲಿ ಜನ ಹಟ ಹಿಡಿದು ಗೆದ್ದದ್ದು ಈಜುಡುಪಿನ ವಿಷಯದಲ್ಲಿ, ನೋಡು. ನನ್ನ ವಾರ್ಡಿನ ಹಿರಿಯ ನರ್ಸ್ ಆ ಕಾಲದಲ್ಲಿ ಬೆಳೆದವಳು. ಅವಳಿಗೆ ಇದರಲ್ಲಿ ಸಿದ್ಧಾಂತ ಗಿದ್ಧಾಂತ ಏನೂ ಇಲ್ಲ. "ಒದ್ದೆ ಬಟ್ಟೆ ಮೈಗೆ ಅಂಟಿಕೊಂಡು ಕೂತರೆ ಹಿಂಸೆ, ಯಾಕೆ ಹಾಕಬೇಕು?" ಅನ್ನುತ್ತಾಳೆ.

ನಾನು ನರ್ಸ್ ಆಗಿ ಎಷ್ಟೋ ಮೈ ನೋಡಿದ್ದೇನೆ, ಆದರೆ ಎಲ್ಲಾ ಹಾಸಿಗೆ ಹಿಡಿದವರದು. ಇಲ್ಲಿ ಒಬ್ಬಾಕೆ, ಎಪ್ಪತ್ತರ ಹತ್ತಿರ ಇರಬಹುದು, ಒಂದು ಕಡೆ ಮೊಲೆ ತೆಗೆದಿದ್ದಾರೆ, ಎದೆಯ ಮೇಲೆ ಓರೆಯಾಗಿ ಬಿಳಿ ಗೆರೆ. ಟೋಪಿ ಹಾಕಿಕೊಂಡು ಪದಬಂಧ ಬಿಡಿಸುತ್ತಾ ಕೂತಿದ್ದಳು. ಮಧ್ಯೆ ಎದ್ದು ಗಂಡನ ಬೆನ್ನಿಗೆ ಕ್ರೀಮ್ ಹಚ್ಚಿದಳು, ಅವನ ಮೊಣಕಾಲಿಗೂ ಆಪರೇಷನ್ ಆಗಿತ್ತು. ಯಾರೂ ತಿರುಗಿ ನೋಡಲಿಲ್ಲ. ನಮ್ಮ ವಾರ್ಡಿನಲ್ಲಿ ಅದೇ ಗೆರೆ ಇರುವವರು ಕನ್ನಡಿ ಕಂಡರೆ ಮುಖ ತಿರುಗಿಸುತ್ತಾರೆ.

ಹಾಗಂತ ಇದು ಹೇಳೋರು ಕೇಳೋರು ಇಲ್ಲದ ಜಾಗ ಅಲ್ಲ. ಇವರ ಮಾನ ಮರ್ಯಾದೆ ಎಲ್ಲಾ ಕಣ್ಣಿನ ಮೇಲೆ ನಿಂತಿದೆ. ದಿಟ್ಟಿಸಬಾರದು. ಫೋನ್ ಎತ್ತಿ ಫೋಟೋ ತೆಗೆಯೋ ಹಾಗೇ ಇಲ್ಲ. ಬೇಕಂತಲೇ ಯಾರಿಗಾದರೂ ಮೈ ತೋರಿಸಿ ಕಾಟ ಕೊಟ್ಟರೆ ಅದು ಬೇರೆ ವಿಷಯ, ಅದಕ್ಕೆ ಕೇಸೇ ಹಾಕುತ್ತಾರೆ. ಸೌನಾದಲ್ಲಂತೂ, ಅಂದರೆ ಬೆವರು ಹರಿಸೋಕೆ ಕೂರುವ ಬಿಸಿ ಕೋಣೆಯಲ್ಲಿ, ನಮ್ಮಜ್ಜಿಯ ಮಡಿಗಿಂತ ಜಾಸ್ತಿ ಕಟ್ಟುನಿಟ್ಟು. ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಾರೆ, ಈಜುಡುಪು ಹಾಕಿಕೊಂಡು ಒಳಗೆ ಹೋದರೆ ಬೈಸಿಕೊಳ್ಳುತ್ತೀಯ. ಬೆವರು ಮರದ ಹಲಗೆಗೆ ತಾಗಬಾರದು, ಟವೆಲ್ ಹಾಸಿ ಕೂರಬೇಕು, ಪಾದದ ಅಡಿಯಲ್ಲೂ ಟವೆಲ್ ಇರಬೇಕು. ಒಬ್ಬ ಬಂದು ಕಾದ ಕಲ್ಲಿನ ಮೇಲೆ ನೀಲಗಿರಿ ಎಣ್ಣೆ ಬೆರೆಸಿದ ನೀರು ಸುರಿದು, ಟವೆಲ್ ಬೀಸಿ ಬಿಸಿಗಾಳಿಯನ್ನು ಮುಖಕ್ಕೆ ಹೊಡೆಸುತ್ತಾನೆ. ಮುಗಿದ ಮೇಲೆ ಎಲ್ಲಾ ಚಪ್ಪಾಳೆ ತಟ್ಟುತ್ತಾರೆ.

ನಮಗೆ ಬತ್ತಲೆ ಹೊಸದಾ ಹೇಳು? 2018ರ ಮಸ್ತಕಾಭಿಷೇಕದಲ್ಲಿ ಬೆಳಗೊಳದ ಬೆಟ್ಟ ಹತ್ತಿ 58 ಅಡಿ ಗೊಮ್ಮಟನ ಮುಂದೆ ಅಮ್ಮ ಕೈ ಮುಗಿದು ನಿಂತಿದ್ದಳು. ದಿಗಂಬರ ಮುನಿಗಳು ಎದುರಿಗೆ ನಡೆದು ಬಂದಾಗಲೂ ಅಷ್ಟೇ, ತಲೆ ಬಾಗಿಸಿದಳು, ನಾಚಿಕೊಳ್ಳಲಿಲ್ಲ. ಆದರೆ ನಾವು ಅದನ್ನು ಎಲ್ಲಾ ಬಿಟ್ಟವರಿಗೆ ಮಾತ್ರ ಕೊಟ್ಟಿದ್ದೇವೆ. ಅದೂ ಗಂಡಸರಿಗೆ. ಉಟ್ಟದ್ದು ಬಿಟ್ಟು ಹೊರಟ ಅಕ್ಕಮಹಾದೇವಿಗೆ ಚಿತ್ರದಲ್ಲಿ ಕೂದಲಾದರೂ ಹೊದಿಸಲೇಬೇಕು ನಮಗೆ. ಇಲ್ಲಿ ಮಲಗಿರುವವರು ಏನನ್ನೂ ಬಿಟ್ಟವರಲ್ಲ ಅಕ್ಕ. ಬೀರ್ ಇದೆ, ಕಾರ್ ಇದೆ, ಸೋಮವಾರ ಬೆಳಗ್ಗೆ ಕೆಲಸ ಇದೆ. ನನಗೆ ಅಚ್ಚರಿ ಆದದ್ದು ಇದೇ.

ಎಲ್ಲರೂ ಒಪ್ಪಿದ್ದಾರೆ ಅಂತಲೂ ಅಲ್ಲ. 1990ರಲ್ಲಿ ಎರಡು ಜರ್ಮನಿ ಒಂದಾದ ಮೇಲೆ ಪಶ್ಚಿಮದಿಂದ ಬಂದ ಪ್ರವಾಸಿಗರಿಗೂ ಇಲ್ಲಿಯವರಿಗೂ ಸಮುದ್ರದ ದಂಡೆಯಲ್ಲಿ ಜಗಳಗಳಾಗಿವೆ. ಈಗಿನ ಹುಡುಗ ಹುಡುಗಿಯರು ಕಡಿಮೆ ಬರುತ್ತಾರೆ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವಾಗ ನನಗೂ ಆ ಭಯ ಅರ್ಥವಾಗುತ್ತದೆ.

ನೀನು ಕೇಳುತ್ತೀಯ, "ನೀನೂ?" ಅಂತ. ಸೌನಾದಲ್ಲಿ ಹೌದು, ಹೆಂಗಸರಿಗೆ ಅಂತಲೇ ಇರುವ ದಿನ ಹೋಗುತ್ತೇನೆ. ಕೆರೆಯಲ್ಲಿ ಇಲ್ಲ. ಜರ್ಮನ್ನರ ಮುಂದೆ ನಾಚಿಕೆ ಅಂತಲ್ಲ ಮಾರಾಯ್ತಿ, ಭಾನುವಾರ ಅಲ್ಲಿಗೆ ನಮ್ಮ ಕನ್ನಡದವರು ಪುಳಿಯೋಗರೆ ಕಟ್ಟಿಕೊಂಡು ಬರುತ್ತಾರೆ!

ಅಮ್ಮನನ್ನು ಚಡ್ಡಿಯವರ ಕಡೆಗೇ ಕರೆದುಕೊಂಡು ಹೋಗುತ್ತೇನೆ, ಹೆದರಬೇಡ. ಆದರೆ ಸೈಕಲ್ ದಾರಿಯಿಂದ ಕಂಡೇ ಕಾಣುತ್ತದೆ. ಬೆರಳು ತೋರಿಸಿ ಜೋರಾಗಿ ನಗಬಾರದು ಅಂತ ಮಾತ್ರ ಹೇಳಿ ಕಳಿಸು. ಭಾವನಿಗೆ ಈ ಪತ್ರ ಕೊಡ್ತೀಯೋ ಬಿಡ್ತೀಯೋ ನಿನಗೆ ಬಿಟ್ಟದ್ದು.

ನಿನ್ನ ತಂಗಿ