ಹಿಂಬಾಗಿಲಿನ ಡ್ರಮ್ಮು ಬೇರೆ ಬೇರೆಯಾಗಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಒಂದು ಕುರುಕಲು ತಿಂಡಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪಾಳಿ ಮೇಲ್ವಿಚಾರಕನಾಗಿದ್ದವನು ನಾನು. ಪಾಳಿ ಮುಗಿಯುವ ಹೊತ್ತಿಗೆ ಹಿಂಬಾಗಿಲಲ್ಲಿ ಡ್ರಮ್ಮುಗಳು ತುಂಬಿರುತ್ತಿದ್ದವು. ಆಲೂಗಡ್ಡೆ ಸಿಪ್ಪೆ, ನೆಲಕ್ಕೆ ಬಿದ್ದ ಕಡಲೆ ಹಿಟ್ಟು, ಕರಕಲಾದ ಸೇವು, ಪ್ಯಾಕಿಂಗ್ ಯಂತ್ರ ತಪ್ಪಾಗಿ ಕತ್ತರಿಸಿದ ಬೆಳ್ಳಿ ಬಣ್ಣದ ಹಾಳೆ, ಎಣ್ಣೆ ಒರೆಸಿದ ಅರಿವೆ, ಎಲ್ಲವೂ ಒಂದರಲ್ಲೇ. ಟ್ರ್ಯಾಕ್ಟರ್ ಬಂದು ಒಯ್ಯುತ್ತಿತ್ತು. ಎಲ್ಲಿಗೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕಾರವಾರ ರಸ್ತೆಯ ಕಸದ ಗುಡ್ಡಕ್ಕೆ ಬೆಂಕಿ ಹತ್ತಿದ ಸುದ್ದಿ ಓದಿದಾಗಲೆಲ್ಲ ಆ ಡ್ರಮ್ಮುಗಳು ಈಗ ಕಣ್ಣಮುಂದೆ ಬರುತ್ತವೆ.

ಆ ಡ್ರಮ್ಮಿನಲ್ಲಿದ್ದದ್ದರಲ್ಲಿ ಬಹುಪಾಲು ಕಸವೇ ಅಲ್ಲ. ಒಟ್ಟಿಗೆ ಸುರಿದಿದ್ದಕ್ಕೆ ಕಸವಾಯಿತು. ಗದಗ-ಬೆಟಗೇರಿ ಕಡೆಯ ಎಣ್ಣೆ ಮಿಲ್ಲುಗಳನ್ನೇ ನೋಡಿ: ಶೇಂಗಾ ಹಿಂಡಿಯನ್ನು ಯಾರೂ ತಿಪ್ಪೆಗೆ ಹಾಕುವುದಿಲ್ಲ, ಸಿಪ್ಪೆಯೂ ಒಲೆಗೆ ಉರುವಲಾಗಿ ಹೋಗುತ್ತದೆ. ನಮ್ಮ ಹಿರಿಯರು ಗಾಣದ ಕಾಲದಿಂದ ಮಾಡಿಕೊಂಡು ಬಂದ ಈ ಲೆಕ್ಕ, ಹೊಸ ಯಂತ್ರಗಳ ಕಾರ್ಖಾನೆಗೆ ಬಂದ ಕೂಡಲೇ ಯಾಕೆ ಮರೆತುಹೋಗಬೇಕು?

ನಮ್ಮಲ್ಲಿ ಕೊನೆಯ ಎರಡು ವರ್ಷ ಡ್ರಮ್ಮುಗಳನ್ನು ಬೇರೆ ಮಾಡಿದೆವು. ಹಸಿ ಸಿಪ್ಪೆಯನ್ನು ಅದೇ ದಿನ ಸಂಜೆ ಹತ್ತಿರದ ಹಳ್ಳಿಯ ಹೈನುಗಾರರು ಒಯ್ಯತೊಡಗಿದರು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಬೂಷ್ಟು ಹಿಡಿದ ಶೇಂಗಾ, ಹಿಟ್ಟು ದನಕ್ಕೆ ಹೋಗಕೂಡದು. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿನ ಮೂಲಕ ನಮ್ಮ ಮಕ್ಕಳ ಲೋಟಕ್ಕೇ ಮರಳುತ್ತದೆ. ಹಿಟ್ಟು ಒಮ್ಮೆಲೇ ಹೆಚ್ಚು ತಿಂದರೆ ಎಮ್ಮೆಯ ಹೊಟ್ಟೆಯಲ್ಲಿ ಹುಳಿ ಏರಿ ಜೀವಕ್ಕೇ ಕುತ್ತು ಬರುತ್ತದೆ. ಉಪ್ಪು ಖಾರ ಹಚ್ಚಿದ್ದೂ ಮೇವಲ್ಲ. ಅವೆಲ್ಲ ಬಯೋಗ್ಯಾಸ್ ಅಥವಾ ಗೊಬ್ಬರದ ಗುಂಡಿಗೆ, ಅದೂ ಅಳತೆಯಲ್ಲಿ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶಗಳು) ಶೇ 25 ದಾಟಿದರೆ ಮತ್ತೆ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ; ಅಂಥ ಎಣ್ಣೆಯನ್ನು ಬಯೋಡೀಸೆಲ್‌ಗಾಗಿ ಸಂಗ್ರಹಿಸುವ ವ್ಯವಸ್ಥೆಯನ್ನು 2018ರಲ್ಲಿ ಅದೇ ಪ್ರಾಧಿಕಾರ ಶುರು ಮಾಡಿತು. ಆದರೂ ಚರಂಡಿಗೆ ಎಣ್ಣೆ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉಳಿಯುವುದು ಬೆಳ್ಳಿ ಹಾಳೆ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಅಂಟಿಸಿದ್ದನ್ನು ಗುಜರಿಯವರು ಮುಟ್ಟುವುದಿಲ್ಲ. ಒಣಗಿದ್ದು ಶುಚಿಯಾಗಿದ್ದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗಾದರೂ ಹೋಗುತ್ತದೆ, ಹಿಟ್ಟು ಮೆತ್ತಿದರೆ ಗುಡ್ಡವೇ ಗತಿ. ಮಣ್ಣಡಿ ಗಾಳಿಯಾಡದೆ ಕೊಳೆಯುವ ಆಹಾರದಿಂದ ಮೀಥೇನ್ ಹೊರಡುತ್ತದೆ. ಗುಡ್ಡ ಉರಿಯುವುದಕ್ಕೆ ಅದೂ ಒಂದು ಕಾರಣ.

ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹೊರಹಾಕುವವರು ತಾವೇ ವಿಂಗಡಿಸಬೇಕು, ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು ಎಂದು ಘನತ್ಯಾಜ್ಯ ನಿಯಮ 2016ರಲ್ಲೇ ಹೇಳಿತು. ದೊಡ್ಡ ಕಾರ್ಖಾನೆಗಳಿಗೆ ಅದು ಕಷ್ಟವಲ್ಲ. ರೊಟ್ಟಿ, ಚಟ್ನಿ ಪುಡಿ, ಚುರುಮುರಿ, ಪೇಢಾ ಮಾಡುವ ಚಿಕ್ಕ ಘಟಕಗಳಿಗೆ ಜಾಗವೂ ಇಲ್ಲ, ಆಳೂ ಇಲ್ಲ. ಅವರನ್ನು ದಂಡ ಹಾಕಿ ಹೆದರಿಸುವ ಮೊದಲು ಮಹಾನಗರ ಪಾಲಿಕೆ ಒಂದು ಕೆಲಸ ಮಾಡಲಿ. ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಿಗೆ ಹಸಿ ಕಸದ್ದೇ ಬೇರೆ ಗಾಡಿ ಕಳಿಸಲಿ, ಪ್ರತಿ ಘಟಕದ ಕಸವನ್ನು ಬಾಗಿಲಲ್ಲೇ ತೂಗಿ ಚೀಟಿ ಕೊಡಲಿ. ಬೇರೆ ಮಾಡಿ ಕೊಟ್ಟವರಿಗೆ ಶುಲ್ಕ ಕಡಿಮೆ, ಕಲಸಿ ಕೊಟ್ಟವರಿಗೆ ಹೆಚ್ಚು.

ತೂಗಿದರೆ ಎಲ್ಲಿ ಪೋಲಾಗುತ್ತಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ. ನಮ್ಮ ಕಾರ್ಖಾನೆಯಲ್ಲೂ ಹಾಗೇ ಆಯಿತು. ತೂಕ ಬರೆದಿಡಲು ಶುರು ಮಾಡಿದ ಮೊದಲ ವಾರವೇ ಹಿಟ್ಟು ಯಾಕೆ ಇಷ್ಟು ಚೆಲ್ಲುತ್ತಿದೆ ಎಂದು ಮಾಲೀಕರು ಕೇಳಿದರು. ನೋಡಿದರೆ ಕಲಸುವ ಯಂತ್ರದ ಮುಚ್ಚಳದ ರಬ್ಬರ್ ಸವೆದಿತ್ತು.

— ಒಬ್ಬ ನಿವೃತ್ತ ಪಾಳಿ ಮೇಲ್ವಿಚಾರಕ, ನವನಗರ, ಹುಬ್ಬಳ್ಳಿ